ಮತ್ತೆ ಎರಡು ಮರಿಯಿಂದ



ಈ ಸಲ ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡುತ್ತೇನೆ. ಯುಗಾದಿಗೆ ಹತ್ತು ದಿನ ಮುಂಚೆ ನಾನು ನನ್ನ ಕೈಯಾರೆ ನಲವತ್ತೊಂದು ಮರಿಗಳನ್ನು ಕಳೆದುಬಿಟ್ಟೆ. ಕುರಿಮರಿಯಲ್ಲ, ಕೋಳಿಮರಿಯೂ ಅಲ್ಲ. ನನ್ನ ಚಿಕ್ಕ ಮಗಳು ಫೋನಿನೊಳಗೆ ಸಾಕಿಕೊಂಡಿದ್ದ ಮರಿಗಳು. ನಗಬೇಡಿ. ಮೊದಲು ನಾನೂ ನಕ್ಕವಳೇ.

ನಿಮ್ಮ ಮನೆಯ ಮಕ್ಕಳೂ ಇಂಥ ಆಟ ಆಡುತ್ತಿರಬಹುದು. ಶುರುವಿನಲ್ಲಿ ಎರಡು ಮರಿ ಕೊಡುತ್ತಾರೆ. ಹೊತ್ತು ಹೊತ್ತಿಗೆ ಮೇವು ಹಾಕಬೇಕು, ಮೈ ತೊಳೆಯಬೇಕು, ದೊಡ್ಡದಾದ ಮೇಲೆ ಜೋಡಿ ಮಾಡಬೇಕು. ಆಗ ಒಂದು ಮೊಟ್ಟೆ ಬರುತ್ತದೆ. ಅದು ಒಡೆಯಲು ಕೆಲವಕ್ಕೆ ಒಂದು ಗಂಟೆ, ಕೆಲವಕ್ಕೆ ಎರಡು ದಿನ. ಯಾವುದಕ್ಕೆ ಯಾವುದನ್ನು ಕೂಡಿಸಿದರೆ ಯಾವ ಬಣ್ಣದ ಮರಿ ಹುಟ್ಟುತ್ತದೆ ಎಂಬುದೇ ಆಟದ ಗುಟ್ಟು. ನನ್ನ ಮಗಳು ಓದು ಮುಗಿದ ಮೇಲೆ ದಿನಕ್ಕೆ ಅರ್ಧ ಗಂಟೆಯಂತೆ ಏಳೆಂಟು ತಿಂಗಳು ಆಡಿ, ಕೊನೆಗೆ ಬೆಳ್ಳಿ ಮೈ, ನೀಲಿ ಬಾಲದ ಒಂದು ಮರಿ ಪಡೆದಿದ್ದಳು. ಅದಕ್ಕೆ ಗೌರಿ ಎಂದು ಹೆಸರಿಟ್ಟಿದ್ದಳು. ಗೌರಿ ಹುಟ್ಟಿದ ದಿನ ನನ್ನಿಂದ ಪಾಯಸ ಮಾಡಿಸಿಕೊಂಡಿದ್ದಳು ಎಂದರೆ ನೀವೇ ಊಹಿಸಿಕೊಳ್ಳಿ.

ಈ ಹುಚ್ಚು ಇವತ್ತಿನದಲ್ಲ. 1996ರಲ್ಲಿ ಜಪಾನಿನ ಬಂದಾಯ್ ಕಂಪನಿ ‘ತಮಗೊಚ್ಚಿ’ ಎಂಬ ಆಟಿಕೆ ತಂದಿತು. ತಮಗೊ ಎಂದರೆ ಅವರ ಭಾಷೆಯಲ್ಲಿ ಮೊಟ್ಟೆ. ಮೊಟ್ಟೆಯಾಕಾರದ ಆ ಆಟಿಕೆಯ ಪುಟ್ಟ ಪರದೆಯಲ್ಲಿ ಒಂದು ಜೀವ. ಅದನ್ನು ರೂಪಿಸಿದವರಲ್ಲಿ ಅಕಿ ಮೈತಾ ಎಂಬ ಹೆಣ್ಣುಮಗಳೂ ಒಬ್ಬರು. ಗುಂಡಿ ಒತ್ತಿ ಊಟ ಹಾಕದೆ ಬಿಟ್ಟರೆ ಅದು ಸತ್ತೇಹೋಗುತ್ತಿತ್ತು. ಮಕ್ಕಳು ಅದನ್ನು ಶಾಲೆಗೂ ಹೊತ್ತುಕೊಂಡು ಹೋಗಿ, ಎಷ್ಟೋ ಶಾಲೆಗಳು ತರಬೇಡಿ ಎಂದು ಕಟ್ಟಪ್ಪಣೆ ಮಾಡಬೇಕಾಯಿತು. ಇಲ್ಲದ ಜೀವಕ್ಕೆ ಅಳುವ ಮಕ್ಕಳು ಎಲ್ಲ ದೇಶದಲ್ಲೂ ಇದ್ದಾರೆ ಎಂದು ಹೇಳುವುದಕ್ಕೆ ಇದನ್ನು ಬರೆದೆ.

ಈಗ ನನ್ನ ತಪ್ಪಿನ ಕಥೆ. ಫೋನು ‘ಜಾಗ ಇಲ್ಲ, ಜಾಗ ಇಲ್ಲ’ ಎಂದು ಗೋಳು ಹುಯ್ದುಕೊಳ್ಳುತ್ತಿತ್ತು. ಗ್ಯಾಸ್ ಬುಕ್ ಮಾಡಲು ಹೋದರೆ ಅರ್ಧಕ್ಕೇ ನಿಂತುಬಿಡುವುದು. ರಿಪೇರಿ ಅಂಗಡಿಗೆ ಒಯ್ದೆ. ಅಲ್ಲಿದ್ದ ಹುಡುಗ ಕೇಳಿದ: “ಅಕ್ಕಾ, ಒಳಗಿರೋದೆಲ್ಲ ಅಳ್ಸಿ ಹೊಸದ್ರಂಗೆ ಮಾಡ್ಬೇಕು. ಬೇಕಾದ್ದು ಏನಾದ್ರೂ ಅದಾ?” ನಾನು, “ಫೋಟೋ ಉಳಿದ್ರೆ ಸಾಕು ಕಣಪ್ಪ” ಎಂದೆ. ಫೋಟೋ ಉಳಿದವು. ಹುಡುಗ ಕೇಳಿಯೇ ಮಾಡಿದ, ಅವನದೇನೂ ತಪ್ಪಿಲ್ಲ. ಮನೆಯಲ್ಲಿ ಒಂದು ಮಾತು ಕೇಳದೆ ಹೇಳಿದವಳು ನಾನು.

ಸಂಜೆ ಮಗಳು ಸ್ಕೂಲಿನಿಂದ ಬಂದು ಆಟ ಮತ್ತೆ ಹಾಕಿಕೊಂಡಳು. ‘ಹೊಸ ಆಟಗಾರರಿಗೆ ಸ್ವಾಗತ’ ಎಂದು ಎರಡು ಮರಿ ಬಂದು ನಿಂತವು. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಫೋನನ್ನು ಟೇಬಲ್ಲಿನ ಮೇಲೆ ಬೋರಲು ಹಾಕಿ ಒಳಗೆ ಹೋದಳು. ರಾತ್ರಿ ಊಟಕ್ಕೆ ಬರಲಿಲ್ಲ. ನಮ್ಮ ಮನೆಯವರು, “ಇಲ್ದಿರೋ ಮರಿಗೆ ಊಟ ಬಿಡ್ತಾರಾ?” ಎಂದು ನಕ್ಕರು. ಮೂಲೆಯಲ್ಲಿ ಸೊಪ್ಪು ಸೋಸುತ್ತಿದ್ದ ನಮ್ಮತ್ತೆ ತಲೆಯೆತ್ತದೆ ಹೇಳಿದರು: “ನಿಮ್ಮಪ್ಪ ಪುಸ್ತ್ಕ ಹೋದಾಗ ಮೂರ್ ದಿನ ಮುದ್ದೆ ಮುರೀನಿಲ್ಲ. ಮರ್ತೋಯ್ತಾ?”

ಮನೆಯವರ ನಗು ಅಲ್ಲಿಗೇ ನಿಂತಿತು.

ಆ ಪುಸ್ತಕದ ವಿಚಾರ ಹೇಳುವ ಮೊದಲು ನಮ್ಮ ಕುರಿಗಳ ವಿಚಾರ ಹೇಳಬೇಕು. ಬಂಡೂರು ನಮ್ಮ ಮಳವಳ್ಳಿ ತಾಲ್ಲೂಕಿನದೇ ಊರು. ಅಲ್ಲಿಯ ಹೆಸರು ಹೊತ್ತ ಕುರಿಯನ್ನು ದೂರದವರು ಬನ್ನೂರು ಕುರಿ ಎನ್ನುತ್ತಾರೆ, ಸರ್ಕಾರದ ಪುಸ್ತಕದಲ್ಲಿ ಅದು ಮಂಡ್ಯ ತಳಿ. ಗಿಡ್ಡ ಕಾಲು, ತುಂಬಿದ ಮೈ, ಜೋಲು ಕಿವಿ. ಮೈ ಬಿಳಿ, ಮುಖ ಕಂದು, ಟಗರಿಗೂ ಕೊಂಬಿಲ್ಲ. ಎಷ್ಟೋ ಕುರಿಗಳ ಕೊರಳ ಕೆಳಗೆ ಜುಮುಕಿಯ ಹಾಗೆ ಎರಡು ತೊಗಲಿನ ತುಂಡು ಜೋತಾಡುತ್ತಿರುತ್ತವೆ. ಇದರ ಮಾಂಸದ ರುಚಿಗೆ ದೊಡ್ಡ ಹೆಸರು. ಬಕ್ರೀದ್ ಹತ್ತಿರ ಬಂತೆಂದರೆ ನಮ್ಮ ಕಿರುಗಾವಲಿನಲ್ಲಿ ಬಂಡೂರು ಟಗರಿನ ಬೆಲೆಯದೇ ಮಾತು. ಆದರೆ ಬೇರೆ ಜಾತಿಯ ಟಗರು ಬೆರೆತೂ ಬೆರೆತೂ ಅಪ್ಪಟ ತಳಿ ಕಡಿಮೆಯಾಗಿದೆ.

ಹೀಗಾಗಿ ಸಾಕುವವನಿಗೆ ಲೆಕ್ಕ ಬೇಕು. ಒಂದು ಟಗರನ್ನು ಅದರ ಮಗಳ ಮೇಲೇ ಬಿಟ್ಟರೆ ಮರಿ ಸೊರಗುತ್ತದೆ, ಎರಡು ಮೂರು ತಲೆಮಾರಿಗೆ ಮಂದೆಯೇ ಬಡವಾಗುತ್ತದೆ. ಗಬ್ಬ ಐದು ತಿಂಗಳು. ಯಾವತ್ತು ಟಗರು ಬಿಟ್ಟರು ಎಂದು ಬರೆದಿಟ್ಟರೆ ಯಾವತ್ತು ಮರಿ ಹಾಕುತ್ತದೆ ಎಂದು ತಿಳಿಯುತ್ತದೆ. ನಮ್ಮ ಮಾವ ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಇದನ್ನೆಲ್ಲ ಹದಿನೆಂಟು ವರ್ಷ ಬರೆದಿದ್ದರು. ಯಾವ ಕುರಿ, ಅದರ ತಾಯಿ ಯಾರು, ಯಾವ ಟಗರಿಗೆ, ಒಂಟಿಯೋ ಅವಳಿಯೋ, ಯಾರ ಮನೆಗೆ ಹೋಯಿತು. ನಾನು ಮದುವೆಯಾಗಿ ಬಂದ ಎರಡನೆಯ ವರ್ಷ ಅಟ್ಟದಿಂದ ಅದನ್ನು ಇಳಿಸಲು ಹೋದರೆ ಕೈಗೆ ಬಂದದ್ದು ರಟ್ಟು ಮಾತ್ರ. ಒಳಗೆಲ್ಲ ಗೆದ್ದಲು ಮಣ್ಣು.

ಮೂರು ದಿನ ಮಂಕಾಗಿ ಕೂತರು. ನಾಲ್ಕನೆಯ ದಿನ ಬೆಳಗ್ಗೆ ಹೊಸ ಪುಸ್ತಕ ತರಿಸಿ, ನಮ್ಮನ್ನೆಲ್ಲ ಕೊಟ್ಟಿಗೆಗೆ ಕರೆದರು. ಒಂದೊಂದೇ ಕುರಿಯನ್ನು ಹಿಡಿದು ನಿಲ್ಲಿಸಿ, “ಇದರದ್ದು ಏನ್ ಗೊತ್ತು ಹೇಳಿ” ಎಂದರು. ಅತ್ತೆಗೆ ತಾರೀಕು ಗೊತ್ತಿರಲಿಲ್ಲ, ಹಬ್ಬ ಗೊತ್ತಿತ್ತು. “ಇದು ಮಾರಬ್ಬದ ದಿವ್ಸ ಹುಟ್ಟಿದ್ದು, ಇದರವ್ವ ಹೊಂಗೇಮರದ್ ಹತ್ರ ಕಾಲು ಮುರ್ಕೊಂಡಿದ್ದು” ಎಂದು ಒಂದೇ ಸಮನೆ ಹೇಳಿದರು. ಅರ್ಧ ಪುಸ್ತಕ ಹಾಗೆ ತುಂಬಿತು. ಮಿಕ್ಕದ್ದಕ್ಕೆ ಮಾವ, ಪಾಲಿಗೆ ಕುರಿ ಕೊಟ್ಟಿದ್ದ ಮನೆಗಳಿಗೆ ಒಂದೊಂದಾಗಿ ಹೋದರು. ನಮ್ಮ ಮನೆಯಲ್ಲಿ ಮರೆತದ್ದು ಅವರ ಮನೆಯಲ್ಲಿ ನೆನಪಿತ್ತು. ಇನ್ನೂ ಕೆಲವನ್ನು ಮರಿಗಳೇ ಹೇಳಿದವು. ತಾಯಿ ತಂದೆ ಎರಡೂ ಬಿಳಿಯಾಗಿದ್ದು ಕರಿ ಮರಿ ಹುಟ್ಟಿದರೆ, ಕಪ್ಪು ಎರಡರ ರಕ್ತದಲ್ಲೂ ಅಡಗಿತ್ತು ಎಂದು ಅರ್ಥ. ಯಾವುದೂ ಗೊತ್ತಾಗದ ಕುರಿಗಳ ಮುಂದೆ ಮಾವ ‘ತಿಳಿಯದು’ ಎಂದೇ ಬರೆದರು, ಅಂದಾಜು ಬರೆಯಲಿಲ್ಲ. ಅವಕ್ಕೆ ದೂರದಿಂದ ಹೊಸ ಟಗರು ತಂದು ಬಿಟ್ಟರು. ಹೊಸ ಪುಸ್ತಕಕ್ಕೆ ಒಂದು ನಕಲು ಮಾಡಿಸಿ ನಾದಿನಿಯ ಮನೆಯಲ್ಲಿಟ್ಟರು.

ಇದನ್ನೆಲ್ಲ ಮಾರನೆಯ ದಿನ ಮಗಳ ಪಕ್ಕದಲ್ಲಿ ಕೂತು ಹೇಳಿದೆ. ಅವಳು ಪೂರಾ ಕೇಳಿ ಒಂದೇ ಮಾತು ಹೇಳಿದಳು: “ತಾತಂಗೆ ಪುಸ್ತಕ ಹೋಯ್ತು, ಕುರಿ ಇದ್ವು. ನಂಗೆ ಕುರೀನೂ ಇಲ್ಲ.”

ನಿಜ ಹೇಳುತ್ತೇನೆ, ನನ್ನ ಬಾಯಿ ಕಟ್ಟಿತು. ಉಪದೇಶ ಮಾಡಲು ಹೋದ ತಾಯಂದಿರಿಗೆ ಹೀಗೇ ಆಗುವುದು. ಆಗ ನಾನು ಮೊದಲೇ ಹೇಳಬೇಕಾಗಿದ್ದ ಮಾತು ಹೇಳಿದೆ. “ನಿನ್ನ ಕೇಳಬೇಕಾಗಿತ್ತು ಮಗಾ. ಕೇಳಲಿಲ್ಲ. ತಪ್ಪು ನಂದು.” ಮಕ್ಕಳ ಹತ್ತಿರ ತಪ್ಪಾಯಿತು ಎನ್ನುವುದು ನಮಗೆ ಅಭ್ಯಾಸವಿಲ್ಲ. ಅವಳೂ ಅದನ್ನು ನಿರೀಕ್ಷಿಸಿರಲಿಲ್ಲ. ಅವಳಿಗೆ ಆಗ ಅಳು ಬಂತು.

ಅತ್ತು ಮುಗಿದ ಮೇಲೆ ಕೇಳಿದೆ: “ಗೌರಿ ಹುಟ್ಟಿದ್ದು ಹೆಂಗೆ, ನಂಗೆ ಬಿಡಿಸಿ ಹೇಳು.” ಮೊದಲು ಬೇಸರದಿಂದ ಶುರು ಮಾಡಿದಳು. ಆಮೇಲೆ ನಿಲ್ಲಿಸಲೇ ಇಲ್ಲ. ಹಸಿರಿಗೆ ಬಿಳಿ ಕೂಡಿಸಿದರೆ ಮೂರು ಸಲ ಹಸಿರೇ, ನಾಲ್ಕನೆಯದು ನೀಲಿ. ಆ ನೀಲಿಯನ್ನು ಬೂದಿ ಬಣ್ಣದ್ದಕ್ಕೆ ಕೂಡಿಸಬೇಕು. ಬೂದಿಯ ಅಜ್ಜಿ ಬೆಳ್ಳಿ ಇರಬೇಕು. ನಾನು ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಎರಡು ಪುಟ ತುಂಬಿತು. ಮೈಸೂರಿನಲ್ಲಿರುವ ನನ್ನ ತಂಗಿಯ ಮಗಳಿಗೆ ಇವಳು ತನ್ನ ಮರಿಗಳ ಚಿತ್ರವನ್ನು ವಾಟ್ಸಾಪಿನಲ್ಲಿ ಕಳಿಸುತ್ತಿದ್ದಳಂತೆ. ಫೋನ್ ಮಾಡಿದೆವು. ಹದಿನಾಲ್ಕು ಚಿತ್ರ ಅಲ್ಲಿ ಉಳಿದಿದ್ದವು. ಗೌರಿಯ ಚಿತ್ರವೂ ಇತ್ತು.

ಅವತ್ತು ನನಗೆ ಹೊಳೆದದ್ದು ಇಷ್ಟೇ. ನಮ್ಮೊಬ್ಬರ ಹತ್ತಿರ ಮಾತ್ರ ಇಟ್ಟುಕೊಂಡದ್ದು ಕಳೆದುಹೋಯಿತು. ಇನ್ನೊಂದು ಮನೆಗೆ ಕೊಟ್ಟದ್ದು, ಇನ್ನೊಬ್ಬರಿಗೆ ಹೇಳಿದ್ದು ಉಳಿಯಿತು.

ನಮ್ಮ ಊರಿನಲ್ಲೇ ಸೈಯದ್ ಘನಿ ಖಾನ್ ಅವರಿದ್ದಾರೆ. ಹೆಸರು ಕೇಳಿರುತ್ತೀರಿ. ನೂರಾರು ಜಾತಿಯ ಭತ್ತ ಕಾಪಾಡಿರುವ ರೈತರು. ಅವರ ಹಿರಿಯರ ಕಾಲದ ಬಡಾಬಾಗ್ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು. ಭತ್ತವನ್ನು ಡಬ್ಬಿಯಲ್ಲಿ ಮುಚ್ಚಿಟ್ಟರೆ ಉಳಿಯುವುದಿಲ್ಲ, ಕೆಲವು ವರ್ಷಕ್ಕೆ ಮೊಳಕೆಯ ಶಕ್ತಿ ಸಾಯುತ್ತದೆ. ತಿರುಗಿ ತಿರುಗಿ ಬಿತ್ತಬೇಕು, ಬೇರೆ ರೈತರಿಗೂ ಬೀಜ ಹಂಚಬೇಕು. ಆಗ ಒಬ್ಬರ ಗದ್ದೆ ಒಣಗಿದರೂ ಇನ್ನೊಬ್ಬರ ಗದ್ದೆಯಲ್ಲಿ ತಳಿ ಇರುತ್ತದೆ.

ದೊಡ್ಡ ಕಂಪನಿಗಳಿಗೂ ಈ ಪಾಠ ತಪ್ಪಿಲ್ಲ. ಅಮೆರಿಕದ ಪಿಕ್ಸಾರ್‌ನವರು ‘ಟಾಯ್ ಸ್ಟೋರಿ 2’ ಎಂಬ ಮಕ್ಕಳ ಚಿತ್ರ ಮಾಡುತ್ತಿದ್ದಾಗ, 1998ರಲ್ಲಿ ಯಾರೋ ಕೊಟ್ಟ ಒಂದು ತಪ್ಪು ಆದೇಶದಿಂದ ಕಂಪ್ಯೂಟರಿನಲ್ಲಿದ್ದ ಚಿತ್ರದ ಬಹುಪಾಲು ಅಳಿಸಿಹೋಯಿತು. ನಕಲು ಇದೆಯಲ್ಲ ಎಂದು ನೋಡಿದರೆ ನಕಲೂ ಕೆಟ್ಟಿತ್ತು. ಆಗ ಗ್ಯಾಲಿನ್ ಸುಸ್ಮನ್ ಎಂಬಾಕೆಗೆ ನೆನಪಾಯಿತು. ಹೆರಿಗೆಯಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಆಕೆಯ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಕೂಸು ಹುಟ್ಟಿದ ಮನೆಯೇ ಆ ಚಿತ್ರವನ್ನೂ ಉಳಿಸಿತು ನೋಡಿ. ಆಮೇಲೆ ಇನ್ನೊಂದು ವಿಚಿತ್ರ. ಅಷ್ಟು ಕಷ್ಟದಿಂದ ಸಿಕ್ಕ ಚಿತ್ರದ ಕಥೆ ಚೆನ್ನಾಗಿಲ್ಲವೆಂದು ಅವರೇ ಬಹುಪಾಲು ಮತ್ತೆ ಹೊಸದಾಗಿ ಮಾಡಿದರು. 1999ರಲ್ಲಿ ಬಿಡುಗಡೆಯಾದದ್ದು ಎರಡನೆಯ ಸಲ ಮಾಡಿದ್ದು.

ನಮ್ಮ ಮನೆಯಲ್ಲೂ ಎರಡನೆಯ ಸಲ ಶುರುವಾಯಿತು. ಮೊದಲ ವಾರ ಮಗಳಿಗೆ ಮನಸ್ಸೇ ಇರಲಿಲ್ಲ. ಮೇವು ಹಾಕುವ ಕೆಲಸ ನಾನು ವಹಿಸಿಕೊಂಡೆ, ಒಗ್ಗರಣೆ ಹಾಕುತ್ತಾ ಹಾಕುತ್ತಾ. ನಾನು ತಪ್ಪು ಜೋಡಿ ಮಾಡಿದಾಗ ಅವಳಿಗೆ ತಡೆಯಲಾಗದೆ ಬಂದು ಕಿತ್ತುಕೊಂಡಳು. ಏಳೆಂಟು ತಿಂಗಳು ಹಿಡಿದಿದ್ದ ದಾರಿ ಈ ಸಲ ಎರಡೂವರೆ ತಿಂಗಳಲ್ಲಿ ಮುಗಿಯಿತು. ಎಡವಿದ ಜಾಗಗಳೆಲ್ಲ ಅವಳಿಗೆ ಗೊತ್ತಿದ್ದವಲ್ಲ. ಬೆಳ್ಳಿ ಮೈ, ನೀಲಿ ಬಾಲದ ಮರಿಯೂ ಹುಟ್ಟಿತು. ನಾನು ಸಂಭ್ರಮದಿಂದ, “ಗೌರಿ ಬಂದ್ಲು!” ಎಂದೆ. ಅವಳು ನಿಧಾನವಾಗಿ ನೋಡಿ, “ಇದು ಗೌರಿ ಅಲ್ಲಮ್ಮ, ಬೇರೆ ಮರಿ” ಎಂದಳು. ಹೊಸ ಹೆಸರಿಟ್ಟಳು. ಪಾಯಸ ಕೇಳಲಿಲ್ಲ. ನಾನೇ ಮಾಡಿದೆ, ತಿಂದಳು.

ಕೊನೆಗೆ ಕೆಲವು ಮಾತು, ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಳ್ಳಿ:

1. ಇಂಥ ಆಟಗಳನ್ನು ಹೆಸರು ಕೊಡದೆ, ಅತಿಥಿಯಾಗಿ ಆಡಿದರೆ ಎಷ್ಟೋ ಸಲ ಲೆಕ್ಕ ಫೋನಿನಲ್ಲಿ ಮಾತ್ರ ಇರುತ್ತದೆ. ಫೋನು ಹೋದರೆ ಆಟವೂ ಹೋಯಿತು. ಆಟದ ಸೆಟ್ಟಿಂಗ್‌ನಲ್ಲಿ ಜಿಮೇಲ್ ಖಾತೆಗೆ ಜೋಡಿಸುವ ಅವಕಾಶವಿದ್ದರೆ ಮೊದಲ ದಿನವೇ ಜೋಡಿಸಿ.

2. ಆಟಗಾರರ ಸಂಖ್ಯೆ ಎಂದು ಒಂದು ನಂಬರು ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದಿಡಿ. ಸಹಾಯ ಕೇಳುವಾಗ ಮೊದಲು ಕೇಳುವುದು ಅದನ್ನೇ. ನಮ್ಮ ಹತ್ತಿರ ಅದೂ ಇರಲಿಲ್ಲ.

3. ಫೋಟೋ ಉಳಿದರೆ ಎಲ್ಲ ಉಳಿದ ಹಾಗಲ್ಲ. ವಾಟ್ಸಾಪ್ ಮಾತುಕತೆಗೆ ಬೇರೆ ಬ್ಯಾಕಪ್, ಆಟಕ್ಕೆ ಬೇರೆ. ಇನ್ನೊಂದು ಫೋನಿನಲ್ಲಿ ತೆರೆದು, ಕಣ್ಣಾರೆ ಕಂಡ ಮೇಲೆ ಅಳಿಸಲು ಹೇಳಿ.

4. ಎಲ್ಲಕ್ಕಿಂತ ಮುಖ್ಯ: ರಿಪೇರಿಗೆ ಕೊಡುವ ಮುನ್ನ ಮನೆಯ ಪ್ರತಿಯೊಬ್ಬರನ್ನೂ, ಚಿಕ್ಕ ಮಕ್ಕಳನ್ನೂ, “ಇದರಲ್ಲಿ ನಿಂದೇನಿದೆ?” ಎಂದು ಕೇಳಿ.

ಇದನ್ನು ಬರೆದು ಮುಗಿಸುವಾಗ ನನ್ನದೇ ಒಂದು ಪುಸ್ತಕ ನೆನಪಾಯಿತು. ನಮ್ಮಮ್ಮನ ಉಪ್ಪಿನಕಾಯಿ, ಹುಳಿಪುಡಿಗಳ ಅಳತೆಯನ್ನು ಬರೆದಿಟ್ಟ ಹಳೆಯ ನೋಟ್‌ಬುಕ್ಕು. ಇಪ್ಪತ್ತು ವರ್ಷದಿಂದ ಒಂದೇ ಪ್ರತಿ, ಅದೂ ಒಲೆಯ ಪಕ್ಕದ ಗೂಡಿನಲ್ಲಿ. ಮಗಳನ್ನು ಕರೆದು ಒಂದೊಂದು ಪುಟದ ಫೋಟೋ ತೆಗೆಸಿ ಮೈಸೂರಿನ ತಂಗಿಗೆ ಕಳಿಸಿದೆ. ಐದು ನಿಮಿಷಕ್ಕೆ ಅವಳ ಫೋನ್ ಬಂತು: “ಅಕ್ಕಾ, ಮೆಂತ್ಯ ಅರ್ಧ ಚಮಚ ಅಲ್ಲ ಕಣೇ, ಅಮ್ಮ ಒಂದು ಹಾಕ್ತಿದ್ಲು.”

ನಿಮ್ಮ ಗೂಡಿನಲ್ಲಿ ಏನಿದೆ, ಇವತ್ತೇ ಒಮ್ಮೆ ನೋಡಿ.