ಗಾಜು ಕೂರಿಸುವವನಿಲ್ಲದ ಗಾಜಿನ ಸಭೆ ಯಾರಿಗೆ?

ಕನ್ನಡದ ತರುಣರೇ,

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗುವಾಗ ಒಮ್ಮೆ ಮೊಬೈಲಿನಿಂದ ತಲೆ ಎತ್ತಿ ಎಡಬಲ ನೋಡಿ. ನವನಗರ ದಾಟಿ, ರಾಯಾಪುರ ದಾಟಿ, ಸತ್ತೂರ ಬರುವಷ್ಟರಲ್ಲಿ ಎಷ್ಟು ಗಾಜು ಕಂಡಿತು? ಷೋರೂಮಿಗೆ ಗಾಜು, ಆಸ್ಪತ್ರೆಗೆ ಗಾಜು, ಅಪಾರ್ಟ್‌ಮೆಂಟಿನ ಬಾಲ್ಕನಿಗೆ ಗಾಜು! ನಮ್ಮ ಅಜ್ಜಂದಿರ ಮನೆಗೆ ಸಾಗವಾನಿ ಚೌಕಟ್ಟು, ಕಬ್ಬಿಣದ ಸರಳು, ಮಾಳಿಗೆಗೊಂದು ಬೆಳಕಿಂಡಿ ಇದ್ದರೆ ಸಾಕಾಗಿತ್ತು. ಈಗ ಕಿಟಕಿ ಎಂಬುದೇ ಒಂದು ದೊಡ್ಡ ಉದ್ದಿಮೆ. ಅಲ್ಯೂಮಿನಿಯಂ ಸೆಕ್ಷನ್, ಯುಪಿವಿಸಿ, ಟಫನ್ ಗಾಜು, ಸಿಲಿಕಾನ್ ಎಂದು ಲಕ್ಷಗಟ್ಟಲೆ ದುಡ್ಡು ಓಡಾಡುವ ಕಸುಬು.

ಇಂಥ ಉದ್ದಿಮೆಗೆ ಸಭೆಗಳೂ ಬೇಕಲ್ಲ. ಬೆಂಗಳೂರು, ಮುಂಬಯಿ, ದಿಲ್ಲಿಗಳಲ್ಲಿ ಕಟ್ಟಡ ಸಾಮಗ್ರಿಯ ದೊಡ್ಡ ದೊಡ್ಡ ಪ್ರದರ್ಶನಗಳು ನಡೆಯುತ್ತವೆ. ಅದರ ಜೊತೆಗೇ 'ನೆಟ್‌ವರ್ಕಿಂಗ್' ಎಂಬ ಕಾರ್ಯಕ್ರಮ. ಅಂದರೆ ವಿಸಿಟಿಂಗ್ ಕಾರ್ಡು ಹಂಚುವುದು, ಕೈ ಕುಲುಕುವುದು, ಬಫೆ ಊಟ ಮಾಡುವುದು. ನಡುವೆ 'ಪ್ಯಾನಲ್ ಡಿಸ್ಕಷನ್' ಎಂಬ ಚರ್ಚೆ. ವೇದಿಕೆಯ ಮೇಲೆ ಕಂಪನಿಯ ಮಾರಾಟ ಮುಖ್ಯಸ್ಥ, ಆರ್ಕಿಟೆಕ್ಟು, ಬಿಲ್ಡರು. ಭಾಷೆ ಇಂಗ್ಲಿಷು, ಮಧ್ಯೆ ಮಧ್ಯೆ ಹಿಂದಿಯ ಒಗ್ಗರಣೆ. ನಾಲ್ಕನೇ ಮಹಡಿಯ ತುದಿಯಲ್ಲಿ ನಿಂತು ಆ ಗಾಜನ್ನು ಎತ್ತಿ ಕೂರಿಸುವ ನವಲೂರಿನ, ಅಮ್ಮಿನಬಾವಿಯ ಹುಡುಗ ಎಲ್ಲಿ? ಅವನು ವೇದಿಕೆಯ ಮೇಲೂ ಇಲ್ಲ, ಕೆಳಗಿನ ಕುರ್ಚಿಯಲ್ಲೂ ಇಲ್ಲ. ಅವನಿಗೆ ಯಾರೂ ಆಮಂತ್ರಣ ಕೊಟ್ಟಿಲ್ಲ. ಕೊಟ್ಟಿದ್ದರೂ ಅಲ್ಲಿ ಅವನಿಗೆ ತಿಳಿಯುವಂಥ ಒಂದು ಮಾತೂ ಇಲ್ಲ!

ಇದರಲ್ಲಿ ಏನು ಮಹಾ ಅನ್ಯಾಯ ಎನ್ನುತ್ತೀರಾ? ಕೇಳಿ.

ಸಾದಾ ಗಾಜು ಒಡೆದರೆ ಚೂರಿಯಂಥ ತುಂಡುಗಳಾಗುತ್ತದೆ. ಮಗುವಿನ ಕುತ್ತಿಗೆಗೆ ಬಿದ್ದರೆ ಮುಗಿಯಿತು. ಟಫನ್ ಗಾಜನ್ನು ಕುಲುಮೆಯಲ್ಲಿ 600 ಡಿಗ್ರಿಗೂ ಮೇಲೆ ಕಾಯಿಸಿ, ಒಮ್ಮೆಲೇ ಗಾಳಿ ಹೊಡೆದು ತಣಿಸುತ್ತಾರೆ. ಅದು ನಾಲ್ಕೈದು ಪಟ್ಟು ಗಟ್ಟಿ, ಒಡೆದರೆ ಕಲ್ಲುಸಕ್ಕರೆಯಂಥ ಸಣ್ಣ ಹರಳು. ಆದರೆ ಟಫನ್ ಆದ ಮೇಲೆ ಅದನ್ನು ಕೊಯ್ಯಲು ಬರುವುದಿಲ್ಲ, ತೂತು ಕೊರೆಯಲು ಬರುವುದಿಲ್ಲ. ಅಂಚಿಗೊಂದು ಏಟು ಬಿದ್ದರೆ ಇಡೀ ಹಲಗೆ ಪುಡಿಪುಡಿ. ಬಾಲ್ಕನಿಯ ಕಟಕಟೆಗೆ, ತಲೆಯ ಮೇಲಿನ ಚಾವಣಿಗೆ ಲ್ಯಾಮಿನೇಟೆಡ್ ಗಾಜು ಬೇಕು. ಎರಡು ಗಾಜಿನ ನಡುವೆ ಒಂದು ಪ್ಲಾಸ್ಟಿಕ್ ಪದರ, ಒಡೆದರೂ ಚೂರು ಕೆಳಗೆ ಸುರಿಯುವುದಿಲ್ಲ. ನಿಮ್ಮ ಕಾರಿನ ಮುಂದಿನ ಗಾಜು ಅದೇ. ಇದಕ್ಕೆಲ್ಲ ಭಾರತೀಯ ಮಾನಕ ಬ್ಯೂರೋದ ನಿಯಮಗಳಿವೆ: ಸುರಕ್ಷತಾ ಗಾಜಿಗೆ ಐಎಸ್ 2553, ಕಟ್ಟಡದಲ್ಲಿ ಗಾಜು ಬಳಸುವುದಕ್ಕೆ ಐಎಸ್ 16231. ಓದಲು ಹೋದರೆ ಇಂಗ್ಲಿಷು! ಯಾರ ಕೈಯಲ್ಲಿ ಗಾಜಿದೆಯೋ ಅವನಿಗೆ ನಿಯಮ ಗೊತ್ತಿಲ್ಲ, ಯಾರಿಗೆ ನಿಯಮ ಗೊತ್ತೋ ಅವನ ಕೈಯಲ್ಲಿ ಗಾಜಿಲ್ಲ.

ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಮರೆತಿರಾ? 2010ರ ಫೆಬ್ರವರಿ 23. ಹಳೆಯ ವಿಮಾನ ನಿಲ್ದಾಣ ರಸ್ತೆಯ ಆ ಕಟ್ಟಡದಲ್ಲಿ ಬೆಂಕಿಗಿಂತ ಹೊಗೆಯೇ ಯಮನಾಯಿತು. ಉಸಿರುಗಟ್ಟಿದ ಜನ ಗಾಜು ಒಡೆದು ಕೆಳಗೆ ಹಾರಿದರು. ಒಂಬತ್ತು ಜೀವ ಹೋದವು. ತೆರೆಯಲು ಬಾರದ ಗಾಜಿನ ಗೋಡೆಯಲ್ಲಿ ಹೊಗೆ ಎಲ್ಲಿಂದ ಹೊರಗೆ ಹೋಗಬೇಕು, ಜನ ಎಲ್ಲಿಂದ ಹೊರಗೆ ಬರಬೇಕು ಎಂಬುದು ಅಂದು ಬೆಂಗಳೂರಿನ ಪ್ರಶ್ನೆ. ಇಂದು ಗಾಜಿನ ಮುಖ ಹೊತ್ತು ಏಳುತ್ತಿರುವ ಸತ್ತೂರಿನದೂ ಅದೇ ಪ್ರಶ್ನೆ. ಈ ಪ್ರಶ್ನೆಯನ್ನು ಇಂಗ್ಲಿಷಿನ ಪಂಚತಾರಾ ಹೋಟೆಲಿನಲ್ಲಿ ಚರ್ಚಿಸಿ ಎದ್ದುಹೋದರೆ ಯಾರ ಜೀವ ಉಳಿಯುತ್ತದೆ ಸ್ವಾಮಿ?

'ಇಂಥ ತಾಂತ್ರಿಕ ವಿಷಯಕ್ಕೆ ಕನ್ನಡದಲ್ಲಿ ಪದಗಳೇ ಇಲ್ಲ' ಎಂದು ಕೆಲವರು ಮೂಗೆಳೆಯುತ್ತಾರೆ. ಹೌದೇ? ಚೌಕಟ್ಟು, ಚಿಲಕ, ಅಗಳಿ, ಬಿಜಾಗರಿ, ಬೆಳಕಿಂಡಿ, ಜಾಳಂದ್ರ, ಇವೆಲ್ಲ ಯಾವ ಭಾಷೆಯಲ್ಲಿ ಬಳಕೆಯಲ್ಲಿವೆ? ಗಾಳಿ ಬೆಳಕು ಎರಡನ್ನೂ ಸೋಸಿ ಒಳಬಿಡುವ ಕಲ್ಲಿನ ಜಾಳಂದ್ರಗಳನ್ನು ಐಹೊಳೆಯ ದುರ್ಗಾ ಗುಡಿಯಲ್ಲಿ ನೋಡಿ ಬನ್ನಿ. ಸಾವಿರ ವರ್ಷ ದಾಟಿವೆ. ಇನ್ನು ಸೆಕ್ಷನ್, ಟ್ರ್ಯಾಕ್, ಬೇರಿಂಗ್, ಸಿಲಿಕಾನ್ ಎಂಬವು ಕನ್ನಡದ ಹುಡುಗನ ಬಾಯಲ್ಲಿ ದಿನಾ ಇರುವ ಮಾತುಗಳು, ಅವೂ ಕನ್ನಡವೇ. ಪದ ಇಲ್ಲದಿರುವುದು ಕನ್ನಡದಲ್ಲಲ್ಲ, ಸೈಟಿಗೆ ಕಾಲಿಡದವರ ತಲೆಯಲ್ಲಿ.

ಜರ್ಮನಿಯನ್ನು ನೋಡಿ. ಕಿಟಕಿ ವಿದ್ಯೆಯಲ್ಲಿ ಜಗತ್ತಿಗೇ ಮೇಲ್ಪಂಕ್ತಿ. ಅಲ್ಲಿ ರೋಸನ್‌ಹೈಮ್ ಎಂಬ ಊರಿದೆ. ಮ್ಯೂನಿಕ್ ಅಲ್ಲ, ಬರ್ಲಿನ್ ಅಲ್ಲ, ನಮ್ಮ ಧಾರವಾಡಕ್ಕಿಂತ ಚಿಕ್ಕ ಊರು. ಅಲ್ಲಿಯ ಕಿಟಕಿ ಸಂಶೋಧನಾ ಸಂಸ್ಥೆ 'ಕಿಟಕಿ ದಿನಗಳು' ಎಂಬರ್ಥದ ಜರ್ಮನ್ ಹೆಸರಿನಲ್ಲೇ ಸಮ್ಮೇಳನ ನಡೆಸುತ್ತದೆ. ಕಾರ್ಖಾನೆಯವರು, ಪರಿಣತರು ಕೂಡಿ ಜರ್ಮನ್ ಭಾಷೆಯಲ್ಲೇ ಜಗಳವಾಡುತ್ತಾರೆ. ಹೊರಗಿನಿಂದ ಬಂದವರಿಗೆ ಅನುವಾದ ಒದಗಿಸುತ್ತಾರೆ. ಗಾಜು ಕೂರಿಸುವ ಕಸುಬಿಗೆ ಅಲ್ಲಿ ಮೂರು ವರ್ಷದ ತರಬೇತಿ ಉಂಟು, ಪಾಠವೂ ಪರೀಕ್ಷೆಯೂ ಜರ್ಮನ್‌ನಲ್ಲಿ. ತಮ್ಮ ಭಾಷೆ ಬಳಸಿದ್ದಕ್ಕೆ ಅವರ ಕಿಟಕಿಯಲ್ಲಿ ನೀರು ಸೋರಿತೇ?

ಸೋರುವುದು ನಮ್ಮಲ್ಲಿ! ಆಷಾಢದಲ್ಲಿ ಧಾರವಾಡದ ಮಳೆ ಪಡುವಣ ಗಾಳಿಗೆ ಅಡ್ಡಡ್ಡ ಹೊಡೆಯುತ್ತದೆ. ಜಾರುಕಿಟಕಿಯ ಟ್ರ್ಯಾಕಿನಲ್ಲಿ ನೀರು ಹೊರಹೋಗುವ ಸಣ್ಣ ಕಿಂಡಿ ಇಲ್ಲದಿದ್ದರೆ, ಇದ್ದ ಕಿಂಡಿಯನ್ನು ಸಿಲಿಕಾನ್ ಬಳಿದು ಮುಚ್ಚಿದರೆ, ನೀರು ನೇರ ನಿಮ್ಮ ಹಾಸಿಗೆಗೆ. ಪಡುವಣಕ್ಕೆ ಮುಖ ಮಾಡಿದ ಗಾಜಿನ ಗೋಡೆ ಏಪ್ರಿಲ್‌ನಲ್ಲಿ ಒಲೆಯಾಗುತ್ತದೆ. ಆಮೇಲೆ ಹಗಲೆಲ್ಲ ಎಸಿ, ಕರೆಂಟ್ ಬಿಲ್ಲು ನಿಮ್ಮ ತಲೆಗೆ. ಈ ಮಣ್ಣಿಗೆ ಯುಪಿವಿಸಿ ಒಳ್ಳೆಯದೋ, ಅಲ್ಯೂಮಿನಿಯಮ್ಮೋ, ದಾಂಡೇಲಿಯ ಸಾಗವಾನಿಯೋ? ಇದು ಇಲ್ಲಿಯ ಬಡಿಗೇರನೂ ಫಿಟ್ಟರನೂ ಎಂಜಿನಿಯರನೂ ಒಂದೇ ಮೇಜಿಗೆ ಕೂತು ವಾದಿಸಬೇಕಾದ ಮಾತು. ಬೇರೆ ಊರಿನ ಹವೆಗೆ ಬರೆದ ಕ್ಯಾಟಲಾಗು ಇದಕ್ಕೆ ಉತ್ತರ ಹೇಳುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇದು. ಕಿಟಕಿ–ಗಾಜಿನ ಉದ್ದಿಮೆಯ ಚರ್ಚಾಕೂಟ ಸತ್ತೂರಿನಲ್ಲೇ ನಡೆಯಲಿ. ಹುಬ್ಬಳ್ಳಿಯವರಿಗೂ ಧಾರವಾಡದವರಿಗೂ ಅದು ನಡುದಾರಿ, ನಮ್ಮಲ್ಲಿ ಮೇಲು ಯಾರು ಕೀಳು ಯಾರು ಎಂಬ ಹಳೆಯ ತಕರಾರೂ ಬೇಡ! ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ ಮುಂದೆ ಬರಲಿ. ವೇದಿಕೆಯ ಭಾಷೆ ಕನ್ನಡ. ಇಂಗ್ಲಿಷಿನವರು ಬರಲಿ, ಅವರಿಗೆ ಅನುವಾದ ಕೊಡೋಣ. ವೇದಿಕೆಯಲ್ಲಿ ಅರ್ಧದಷ್ಟು ಕುರ್ಚಿ ಕೈಯಿಂದ ದುಡಿಯುವವರಿಗೆ, ಅವರ ಅಂದಿನ ಕೂಲಿಯನ್ನೂ ಸಂಘಟಕರೇ ಕಟ್ಟಿಕೊಡಲಿ. ಸುರಕ್ಷತಾ ನಿಯಮಗಳ ಕನ್ನಡ ಕೈಪಿಡಿ ಆ ದಿನ ಪುಕ್ಕಟೆ ಹಂಚಲಿ. ಉತ್ತರ ಪ್ರದೇಶದಿಂದಲೋ ರಾಜಸ್ಥಾನದಿಂದಲೋ ಹೊಟ್ಟೆಪಾಡಿಗೆ ಬಂದ ಹುಡುಗನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಬರಲಿ, ಕೂತು ಕೇಳಲಿ, ನಾಲ್ಕು ಕನ್ನಡ ಮಾತು ಕಲಿತು ಹೋಗಲಿ.

ಕಾನೂನಿನ ಬಲವೂ ನಮಗಿದೆ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮವನ್ನು 2024ರಲ್ಲಿ ತಿದ್ದಿ ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಕಡ್ಡಾಯ ಮಾಡಿದರು. ಸಂಘಟನೆಗಳು ಬೀದಿಗಿಳಿದು ಬೋರ್ಡು ಬದಲಿಸಿದವು, ಒಳ್ಳೆಯದೇ. ಆದರೆ ಆ ಬೋರ್ಡಿನ ಕೆಳಗಿನ ಗಾಜನ್ನು ಯಾರು ಕೊಯ್ದರು, ಯಾವ ಭಾಷೆಯಲ್ಲಿ ಕಲಿತರು ಎಂದು ಯಾವ ಸಂಘಟನೆ ಕೇಳಿತು?

ತರುಣರೇ, ಐಟಿಐ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ರೈಲಿಗೆ ಕಾಯುತ್ತ ಕೂತವರು ನಿಮ್ಮಲ್ಲೇ ಎಷ್ಟೋ ಮಂದಿ ಇದ್ದೀರಿ. ನಿಮ್ಮ ಓಣಿಯ ಅಲ್ಯೂಮಿನಿಯಂ ಅಂಗಡಿಗೆ ಈ ವಾರವೇ ಹೋಗಿ. ಬಾಲ್ಕನಿಗೆ ಹಾಕುವ ಗಾಜಿನ ಮೂಲೆಯಲ್ಲಿ ಐಎಸ್‌ಐ ಮುದ್ರೆ ಇದೆಯೇ ನೋಡಿ. ಇಲ್ಲದಿದ್ದರೆ ಯಾಕಿಲ್ಲ ಎಂದು ಕನ್ನಡದಲ್ಲಿ ಕೇಳಿ, ಉತ್ತರ ಬರೆದುಕೊಂಡು ಬನ್ನಿ. ಸತ್ತೂರಿನ ಸಭೆಯ ಮೊದಲ ಚರ್ಚೆಗೆ ಅದೇ ವಿಷಯ.