ಎಲ್ಲದಕ್ಕೂ ಫಾರ್ಮ್ಯಾಟೇ ಮದ್ದಾ?

ನಮ್ಮ ಕಡೆ ಕಂಪ್ಯೂಟರಿಗೆ ಬರೋ ಕಾಯಿಲೆ ನೂರಾರು, ಔಷಧಿ ಮಾತ್ರ ಒಂದೇ. ಆನ್ ಆಗ್ತಿಲ್ವಾ? ಫಾರ್ಮ್ಯಾಟ್ ಹೊಡೀಬೇಕು ಸಾರ್. ಸ್ಲೋ ಆಗಿದೆಯಾ? ಫಾರ್ಮ್ಯಾಟ್. ಪ್ರಿಂಟ್ ಬರ್ತಿಲ್ವಾ? ನೋಡೋಣ ಬಿಡಿ, ಒಂದ್ಸಲ ಫಾರ್ಮ್ಯಾಟ್ ಹೊಡೆದ್ರೆ ಸರಿ ಹೋಗುತ್ತೆ. ಹೊಸದುರ್ಗದ ಬಸ್‌ಸ್ಟ್ಯಾಂಡ್ ಆಸುಪಾಸಿನಿಂದ ಹಿಡಿದು ಹಿರಿಯೂರು, ಹೊಳಲ್ಕೆರೆ, ದುರ್ಗದವರೆಗೆ ನಾನು ಕಂಡ ರಿಪೇರಿ ಅಂಗಡಿಗಳಲ್ಲಿ ಹತ್ತರಲ್ಲಿ ಎಂಟರ ಮಂತ್ರ ಇದೇ. ಈ ಮಂತ್ರದ ವಿರುದ್ಧ ನನಗೆ ಬಹಳ ದಿನದಿಂದ ಸಿಟ್ಟಿತ್ತು. ಕಳೆದ ದೀಪಾವಳಿಯಿಂದ ಅದು ಸಿಟ್ಟಷ್ಟೇ ಆಗಿ ಉಳಿದಿಲ್ಲ.

ನಮ್ಮ ಚಿಕ್ಕಪ್ಪ ರಿಟೈರ್ಡ್ ಪ್ರೈಮರಿ ಮೇಷ್ಟ್ರು. ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರ ಶಾಲೆಯಲ್ಲಿ ಬಹಳ ವರ್ಷ ಪಾಠ ಮಾಡಿದವರು. ಅಲ್ಲಿನ ಒಬ್ಬ ಅಜ್ಜನ ಬಾಯಿಂದ ಜುಂಜಪ್ಪನ ಪದಗಳನ್ನ ಕೇಳಿ ಕೇಳಿ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡಿದ್ದರು. ಜುಂಜಪ್ಪ ಅಂದ್ರೆ ಗೊತ್ತಲ್ಲ, ಕಾಡುಗೊಲ್ಲರ ದೈವ, ದನ ಕಾಯುವವರ ವೀರ. ಅವನ ಕತೆಯನ್ನ ಗಣೆ ಊದಿಕೊಂಡು ರಾತ್ರಿಯಿಡೀ ಹಾಡ್ತಾರೆ. ರಿಟೈರ್ ಆದ ಮೇಲೆ ಚಿಕ್ಕಪ್ಪ ಒಂದು ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು, ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ, ಆರು ವರ್ಷ ಅದನ್ನೆಲ್ಲ ನುಡಿಯಲ್ಲಿ ಟೈಪ್ ಮಾಡಿದರು. ಟೈಪ್ ಮಾಡುವಾಗ ಅನುಮಾನ ಬಂದರೆ ಟಿವಿಎಸ್ ಹತ್ತಿ ಹಟ್ಟಿಗೆ ಹೋಗಿ ಅಜ್ಜನನ್ನೇ ಕೇಳಿ ತಿದ್ದಿಕೊಂಡು ಬರೋರು. ನೋಟ್‌ಬುಕ್ಕಿನಲ್ಲಿದ್ದದ್ದಕ್ಕಿಂತ ಕಂಪ್ಯೂಟರಲ್ಲಿದ್ದದ್ದು ಎರಡರಷ್ಟು. ಅಜ್ಜ ಈಗ ಇಲ್ಲ.

ಒಂದು ಬೆಳಿಗ್ಗೆ ಚಿಕ್ಕಪ್ಪ ಫೋನ್ ಮಾಡಿದರು. ‘ಸ್ವಿಚ್ ಹಾಕಿದ್ರೆ ಪರದೆ ಕಪ್ಪಾಗೇ ಐತೆ ಕಣೋ. ಕುಯ್ಯ್ ಕುಯ್ಯ್ ಅಂತ ಒಂದೇ ಸಮ ಅಳ್ತೈತೆ.’ ನಾನು ಮೀಟಿಂಗಲ್ಲಿದ್ದೆ. ‘ನಾನು ಸಾಫ್ಟ್‌ವೇರ್ ಚಿಕ್ಕಪ್ಪ, ಅದು ಹಾರ್ಡ್‌ವೇರ್. ಅಂಗಡಿಗೆ ಕೊಡಿ, ನೋಡ್ತಾರೆ’ ಅಂದೆ. ಆ ಮಾತು ಹೇಳೋಕೆ ನನಗೆ ಹಿಡಿದದ್ದು ಹತ್ತು ಸೆಕೆಂಡು.

ಅಂಗಡಿಗೆ ಕೊಟ್ಟರು. ಮಾರನೇ ದಿನ ಕಂಪ್ಯೂಟರ್ ಬಂತು. ಫಳಫಳ ಅಂತ ಹೊಸ ವಿಂಡೋಸು, ಬೆಟ್ಟ ಹೂವಿನ ಚಿತ್ರ, ಆರುನೂರು ರೂಪಾಯಿ ಬಿಲ್ಲು. ಜುಂಜಪ್ಪ ಇಲ್ಲ.

ಹಬ್ಬಕ್ಕೆ ಊರಿಗೆ ಹೋದವನು ಮೊದಲು ಆ ಅಂಗಡಿಗೇ ಹೋದೆ. ಅಂಗಡಿ ಯಾವುದು ಅಂತ ಹೇಳಲ್ಲ. ಹೇಳಿದರೆ ಆ ಹುಡುಗನೊಬ್ಬನೇ ತಪ್ಪಿತಸ್ಥ ಅಂತಾಗುತ್ತೆ. ಹುಡುಗ ಒಳ್ಳೆಯವನೇ, ಏನೂ ಮುಚ್ಚಿಡಲಿಲ್ಲ.

‘ರ‍್ಯಾಮ್ ಲೂಸ್ ಆಗಿತ್ತಣ್ಣ, ಧೂಳು ಕೂತಿತ್ತು. ರಬ್ಬರಲ್ಲಿ ಉಜ್ಜಿ ಹಾಕ್ದೆ, ಡಿಸ್‌ಪ್ಲೇ ಬಂತು.’

‘ಬಂತಲ್ಲ, ಮತ್ತೆ ಫಾರ್ಮ್ಯಾಟ್ ಯಾಕೆ ಹೊಡ್ದೆ?’

‘ರಬ್ಬರಲ್ಲಿ ಉಜ್ಜಿದ್ದಕ್ಕೆ ಯಾರಣ್ಣ ಕಾಸು ಕೊಡ್ತಾರೆ?’

ನನ್ನ ಹತ್ರ ಉತ್ತರ ಇರಲಿಲ್ಲ. ಯಾಕಂದ್ರೆ ಅವನು ಹೇಳಿದ್ದು ನಿಜ. ಅವನು ಐದು ನಿಮಿಷದಲ್ಲಿ ಕಾಯಿಲೆ ಕಂಡುಹಿಡಿದ. ಕಂಡುಹಿಡಿದದ್ದಕ್ಕೆ ನಮ್ಮಲ್ಲಿ ರೇಟಿಲ್ಲ. ‘ಅಷ್ಟಕ್ಕೇ ಇನ್ನೂರು ರೂಪಾಯಾ? ಬರೀ ಉಜ್ಜಿದ್ದಕ್ಕಾ?’ ಅಂತ ಜಗಳಕ್ಕೆ ನಿಲ್ಲೋ ಜನ ನಾವು. ಅದೇ ಎರಡು ಗಂಟೆ ಪರದೆ ಮೇಲೆ ಗೆರೆ ಓಡಿಸಿ, ಹಳೇದೆಲ್ಲ ಅಳಿಸಿ, ಹೊಸ ವಿಂಡೋಸ್ ಕೂರಿಸಿದರೆ ಆರುನೂರು ಕೊಟ್ಟು ಥ್ಯಾಂಕ್ಸ್ ಹೇಳಿ ಬರ್ತೀವಿ. ಕೆಲಸ ಕಣ್ಣಿಗೆ ಕಾಣಬೇಕು ನಮಗೆ. ನಾಡಿ ಹಿಡಿದು ‘ಏನಿಲ್ಲ, ಮಜ್ಜಿಗೆ ಕುಡಿ’ ಅಂದ ಡಾಕ್ಟ್ರಿಗೆ ಬೈದು, ಸೂಜಿ ಚುಚ್ಚಿದ ಡಾಕ್ಟ್ರನ್ನ ಹೊಗಳೋ ಬುದ್ಧಿಯೇ ಇಲ್ಲೂ.

ಇನ್ನೊಂದು ವಿಷಯ ಕೇಳಿ. ಫಾರ್ಮ್ಯಾಟ್ ಹೊಡೆಯೋ ಮುಂಚೆ ಹುಡುಗ ಕೇಳಿದ್ದಾನೆ, ‘ಸಿ ಡ್ರೈವಲ್ಲಿ ಏನಾದ್ರೂ ಐತಾ ಮೇಷ್ಟ್ರೇ?’ ಅಂತ. ಚಿಕ್ಕಪ್ಪ ಹೇಳಿದ್ದಾರೆ, ‘ಇಲ್ಲಪ್ಪ, ಎಲ್ಲಾ ಡೆಸ್ಕ್‌ಟಾಪ್ ಮೇಲೇ ಐತೆ.’ ಇಬ್ಬರೂ ಸತ್ಯವನ್ನೇ ಆಡಿದ್ದಾರೆ ಅಂದುಕೊಂಡಿದ್ದಾರೆ. ಡೆಸ್ಕ್‌ಟಾಪ್ ಅನ್ನೋದು ಇರೋದೇ ಸಿ ಡ್ರೈವ್ ಒಳಗೆ, ಡಾಕ್ಯುಮೆಂಟ್ಸ್ ಅನ್ನೋದೂ ಅಲ್ಲೇ, ಡೌನ್‌ಲೋಡ್ಸೂ ಅಲ್ಲೇ. ಪರದೆ ಮೇಲೆ ಎದುರಿಗೇ ಕಾಣೋ ಫೈಲು ಎಲ್ಲೋ ಒಳಗಿನ ‘ಸಿ’ ಅನ್ನೋ ಗೂಡಿನಲ್ಲಿದೆ ಅಂತ ಅರವತ್ತೈದರ ಮೇಷ್ಟ್ರಿಗೆ ಹೇಗೆ ಗೊತ್ತಾಗಬೇಕು? ಹುಡುಗನಿಗೆ ಗೊತ್ತಿತ್ತು. ಡೆಸ್ಕ್‌ಟಾಪ್ ಅನ್ನೋ ಮಾತು ಕಿವಿಗೆ ಬಿದ್ದ ಕ್ಷಣ ಅವನು ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಅಂಗಡಿಯಲ್ಲಿ ಇನ್ನೂ ನಾಲ್ಕು ಸಿಪಿಯು ಸಾಲಾಗಿ ಕೂತಿದ್ದವು. ಅವನ ತಪ್ಪು ಇರೋದು ಇಲ್ಲಿ, ಅದನ್ನ ನಾನು ಮನ್ನಾ ಮಾಡಲ್ಲ.

ದುರ್ಗದವರು ನಾವು. ಕೋಟೆಯಲ್ಲಿ ಒಂದು ಕಿಂಡಿ ಇದೆ, ಅದರಲ್ಲಿ ಹೈದರಾಲಿಯ ಸೈನಿಕರು ನುಸುಳಿ ಬಂದರು ಅಂತ ಓಬವ್ವ ಕೋಟೆಯನ್ನೇ ಕೆಡವಿಸಲಿಲ್ಲ. ಕಿಂಡಿ ಎಲ್ಲಿದೆ ಅಂತ ನೋಡಿದಳು, ಅದರ ಬಾಯಲ್ಲಿ ನಿಂತಳು, ಕೈಗೆ ಸಿಕ್ಕ ಒನಕೆ ಸಾಕಾಯ್ತು. ಅದೇ ಊರಿನಲ್ಲಿ ಇವತ್ತು ಕಿಂಡಿ ಹುಡುಕೋರಿಲ್ಲ, ಕೋಟೆ ಕೆಡವಿ ಹೊಸದಾಗಿ ಕಟ್ಟೋರೇ ಎಲ್ಲ.

ಕಿಂಡಿ ಸಾಮಾನ್ಯವಾಗಿ ಎಷ್ಟು ಸಣ್ಣದಿರುತ್ತೆ ಅಂತ ಹೇಳ್ತೀನಿ. ನಮ್ಮದು ಗಾಳಿ ಧೂಳಿನ ಜಿಲ್ಲೆ. ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರೋದು ಸುಮ್ಮನೆ ಅಲ್ಲ. ಆ ಗಾಳಿ ಹೊತ್ತು ತರೋ ಕೆಂಪು ಧೂಳು ಕಿಟಕಿ ಪಕ್ಕದ ಸಿಪಿಯು ಒಳಗೆ ಹೋಗಿ ಪ್ರೊಸೆಸರ್ ಮೇಲಿನ ಫ್ಯಾನಿನ ಕೆಳಗೆ ಕಂಬಳಿ ಥರ ಹಾಸಿಕೊಳ್ಳುತ್ತೆ. ಬಿಸಿ ಹೊರಗೆ ಹೋಗಲ್ಲ. ಬಿಸಿಯಾದ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ, ಇನ್ನೂ ಬಿಸಿಯಾದರೆ ಉಳಿಯೋಕೆ ಅಂತ ಆಫ್ ಆಗುತ್ತೆ. ಅದನ್ನ ನಾವು ‘ಸ್ಲೋ ಆಗಿದೆ, ವೈರಸ್ ಬಂದಿದೆ’ ಅಂತೀವಿ. ಬೇಕಾಗಿರೋದು ಬಣ್ಣ ಬಳಿಯೋ ಬ್ರಷ್ಷು, ಹತ್ತು ನಿಮಿಷ, ಜೊತೆಗೆ ಒಂದು ಚೂರು ಥರ್ಮಲ್ ಪೇಸ್ಟ್. ಫಾರ್ಮ್ಯಾಟ್ ಹೊಡೆದರೆ ಧೂಳು ಹೋಗುತ್ತಾ?

ಹೊಳಲ್ಕೆರೆಯಲ್ಲಿ ನನ್ನ ಸ್ನೇಹಿತನ ಜೆರಾಕ್ಸ್ ಅಂಗಡಿ ಇದೆ. ಪಹಣಿ, ಇಸಿ, ಅರ್ಜಿ ಅಂತ ಬೆಳಿಗ್ಗೆಯಿಂದ ರೈತರು ಸಾಲು ನಿಂತಿರ್ತಾರೆ. ಅವನ ಕಂಪ್ಯೂಟರಲ್ಲಿ ದಿನಾ ತಾರೀಖು ಹಿಂದಕ್ಕೆ ಹೋಗೋದು, ಯಾವ ವೆಬ್‌ಸೈಟ್ ತೆಗೆದರೂ ‘ಸುರಕ್ಷಿತ ಅಲ್ಲ’ ಅನ್ನೋ ಎಚ್ಚರಿಕೆ. ಎರಡು ಸಲ ಫಾರ್ಮ್ಯಾಟ್ ಆಗಿತ್ತು. ಮದರ್‌ಬೋರ್ಡಿನ ಮೇಲೆ ಒಂದು ಸಣ್ಣ ಬಿಲ್ಲೆ ಸೆಲ್ ಇರುತ್ತೆ, ಸಿಆರ್ 2032 ಅಂತ. ಕರೆಂಟಿಲ್ಲದಾಗ ಗಡಿಯಾರ ಓಡಿಸೋದು ಅದೇ. ಅದು ಸತ್ತರೆ ಕಂಪ್ಯೂಟರ್ ತಾನು ಹಳೇ ಇಸವಿಯಲ್ಲಿದ್ದೀನಿ ಅಂದುಕೊಳ್ಳುತ್ತೆ. ವೆಬ್‌ಸೈಟಿನ ಪ್ರಮಾಣಪತ್ರದಲ್ಲಿರೋ ತಾರೀಖಿಗೂ ಇದರ ತಾರೀಖಿಗೂ ತಾಳೆಯಾಗಲ್ಲ, ಅದಕ್ಕೆ ಎಚ್ಚರಿಕೆ. ಕೈಗಡಿಯಾರ ರಿಪೇರಿ ಮಾಡೋನ ಹತ್ರಾನೇ ಸೆಲ್ ಸಿಕ್ತು. ಅವನ ಪ್ರಿಂಟರಿನದೂ ಅದೇ ಕತೆ. ಕ್ಯೂನಲ್ಲಿ ಒಂದು ಫೈಲ್ ಸಿಕ್ಕಿಹಾಕಿಕೊಂಡರೆ ಹಿಂದಿನದೆಲ್ಲ ನಿಲ್ಲುತ್ತೆ, ಚೆಕ್‌ಪೋಸ್ಟಲ್ಲಿ ಕೆಟ್ಟು ನಿಂತ ಲಾರಿ ಥರ. ಸರ್ವಿಸಸ್‌ಗೆ ಹೋಗಿ ಪ್ರಿಂಟ್ ಸ್ಪೂಲರ್ ಅನ್ನೋದನ್ನ ನಿಲ್ಲಿಸಿ, ಸಿಕ್ಕಿಕೊಂಡ ಫೈಲನ್ನ ತೆಗೆದು, ಮತ್ತೆ ಶುರು ಮಾಡಿದರೆ ಲಾರಿ ಸರಿಯುತ್ತೆ. ಇದಕ್ಕೂ ವಿಂಡೋಸ್ ಬದಲಾಯಿಸಿದ್ದರು ಪುಣ್ಯಾತ್ಮರು.

ಅಂಗಡಿಯವರಿಗಷ್ಟೇ ಬೈದು ನಾನು ತಪ್ಪಿಸಿಕೊಳ್ಳೋ ಹಾಗಿಲ್ಲ. ನಾಲ್ಕು ವರ್ಷ ಬಿಇ ಓದಿದೆ. ಮೈಕ್ರೋಪ್ರೊಸೆಸರ್ ಅಂತ ಒಂದು ಇಡೀ ಪೇಪರ್ ಬರೆದೆ, ಪಾಸಾದೆ, ಒಂದು ಸಲವೂ ಸಿಪಿಯು ಬಾಗಿಲು ಬಿಚ್ಚಿ ನೋಡಲಿಲ್ಲ. ಲ್ಯಾಬಲ್ಲಿ ಕೆಟ್ಟು ನಿಂತ ಮೆಷೀನಿಗೆ ‘ನಾಟ್ ವರ್ಕಿಂಗ್’ ಚೀಟಿ ಅಂಟಿಸಿ ಪಕ್ಕದ ಮೆಷೀನಿಗೆ ಹೋಗ್ತಿದ್ವಿ. ಊರಿನವರು ‘ಕಂಪ್ಯೂಟರ್ ಎಂಜಿನಿಯರ್ ಬಂದವ್ನೆ, ತೋರಿಸ್ರಿ’ ಅಂದಾಗ ನಗ್ತೀವಿ. ಅದು ನನ್ನ ಕೆಲಸ ಅಲ್ಲ ಅನ್ನೋದನ್ನ ಸ್ವಲ್ಪ ಜಂಬದಿಂದಲೇ ಹೇಳ್ತೀವಿ. ಕೊಟ್ಟಿಗೆ ಸಗಣಿ ಎತ್ತಿ ಬೆಳೆದವನಿಗೆ ಸ್ಕ್ರೂಡ್ರೈವರ್ ಹಿಡಿಯೋಕೆ ನಾಚಿಕೆ! ಆಫೀಸಲ್ಲಿ ನನ್ನ ಕೆಲಸವೇ ದೋಷ ಹುಡುಕೋದು. ಅಲ್ಲಿ ಯಾರಾದರೂ ‘ಬಗ್ ಸಿಗ್ತಿಲ್ಲ, ಡೇಟಾಬೇಸ್ ಪೂರ್ತಿ ಅಳಿಸಿಬಿಡೋಣ’ ಅಂದರೆ ಅದೇ ದಿನ ಮನೆಗೆ ಕಳಿಸ್ತಾರೆ. ಚಿಕ್ಕಪ್ಪನ ಆರು ವರ್ಷಕ್ಕೆ ಆ ಮರ್ಯಾದೆ ಯಾಕೆ ಸಿಗಲಿಲ್ಲ?

ಈ ಕತೆ ಕೇಳಿದ ಸಹೋದ್ಯೋಗಿಗಳು ಹೇಳಿದ್ದು ಒಂದೇ ಮಾತು, ‘ಬ್ಯಾಕಪ್ ಇಟ್ಕೋಬೇಕಿತ್ತು.’ ಸರಿ, ಇಟ್ಟುಕೊಳ್ಳಬೇಕಿತ್ತು. ಬರೀ ಅಕ್ಷರದ ಫೈಲು ಎಷ್ಟು ಪುಟ ಇದ್ದರೂ ಒಂದು ಫೋಟೋದಷ್ಟು ಜಾಗ ತಿನ್ನೋದು ಕಷ್ಟ, ತನಗೆ ತಾನೇ ಮೇಲ್ ಮಾಡಿಕೊಂಡಿದ್ದರೂ ಉಳೀತಿತ್ತು. ಆದರೆ ಅದನ್ನ ಚಿಕ್ಕಪ್ಪನಿಗೆ ಹೇಳಬೇಕಿದ್ದವನು ಯಾರು? ಪ್ರತಿ ಹಬ್ಬಕ್ಕೆ ಹೋಗಿ ಒಬ್ಬಟ್ಟು ತಿಂದು ಬರೋ ನಾನು. ಕಳೆದುಕೊಂಡವನಿಗೆ ಬುದ್ಧಿ ಹೇಳೋದು ಬಹಳ ಸುಲಭ.

ಡಿಸ್ಕ್ ಬಿಚ್ಚಿಕೊಂಡು ಬೆಂಗಳೂರಿಗೆ ತಂದೆ. ಇಲ್ಲಿ ಒಂದು ಮಾತು ನೆನಪಿಟ್ಟುಕೊಳ್ಳಿ, ಎಂದಾದರೂ ಬೇಕಾಗುತ್ತೆ. ನಾವು ಸಾಮಾನ್ಯವಾಗಿ ಹೊಡೆಸೋ ಕ್ವಿಕ್ ಫಾರ್ಮ್ಯಾಟ್ ಹಾರ್ಡ್ ಡಿಸ್ಕಿನಲ್ಲಿ ಫೈಲನ್ನ ಅಳಿಸಲ್ಲ, ಫೈಲು ಎಲ್ಲಿದೆ ಅನ್ನೋ ಪಟ್ಟಿಯನ್ನ ಎಸೆಯುತ್ತೆ. ನಿಜವಾಗಿ ಅಳಿಸೋದು ಆಮೇಲೆ ಅದರ ಮೇಲೆ ಬಂದು ಕೂರೋ ಹೊಸ ವಿಂಡೋಸು, ಹೊಸ ಸಿನಿಮಾ. ಹಾಗಾಗಿ ಏನಾದರೂ ಹೋಯ್ತು ಅಂತ ಗೊತ್ತಾದ ಕ್ಷಣ ಕಂಪ್ಯೂಟರ್ ಆಫ್ ಮಾಡಿ, ಮತ್ತೆ ಆನ್ ಮಾಡಬೇಡಿ. ಎಸ್‌ಎಸ್‌ಡಿ ಆಗಿದ್ದರೆ ಈ ಅವಕಾಶವೂ ಹೆಚ್ಚುಕಡಿಮೆ ಇಲ್ಲ, ಅಳಿಸಿದ ಜಾಗವನ್ನ ಅದು ತಾನೇ ಗುಡಿಸಿ ಹಾಕಿಬಿಡುತ್ತೆ. ಚಿಕ್ಕಪ್ಪನದು ಹಳೇ ಹಾರ್ಡ್ ಡಿಸ್ಕು, ಆದರೆ ಹೊಸ ವಿಂಡೋಸ್ ಮೂರು ವಾರ ಓಡಿತ್ತು.

ಫೋಟೋರೆಕ್ ಅಂತ ಉಚಿತ ತಂತ್ರಾಂಶ ಇದೆ, ಅದನ್ನ ರಾತ್ರಿಯಿಡೀ ಓಡಿಸಿದೆ. ಬೆಳಿಗ್ಗೆ ಸಾವಿರಾರು ಫೈಲು, ಒಂದಕ್ಕೂ ಹೆಸರಿಲ್ಲ, ಬರೀ ನಂಬರು. ‘ಜುಂಜಪ್ಪ’ ಅಂತ ಕನ್ನಡದಲ್ಲಿ ಹುಡುಕಿದೆ. ಸೊನ್ನೆ. ಆಮೇಲೆ ಹಣೆ ಚಚ್ಚಿಕೊಂಡೆ. ಚಿಕ್ಕಪ್ಪ ಬಳಸಿದ್ದು ನುಡಿಯ ಹಳೇ ಅಕ್ಷರಶೈಲಿ. ಅದರಲ್ಲಿ ಕನ್ನಡ ಇರೋದು ಕಣ್ಣಿಗೆ ಮಾತ್ರ. ಪರದೆ ಮೇಲೆ ‘ಕ’ ಕಾಣೋ ಜಾಗದಲ್ಲಿ ಒಳಗೆ ಕೂತಿರೋದು ಇಂಗ್ಲಿಷಿನ ‘ಪಿ’ ಮತ್ತು ತಲೆಮೇಲೆ ಗೆರೆ ಹೊತ್ತ ಒಂದು ‘ಎ’. ‘ನ’ ಅಂತ ಬರೆದರೆ ಒಳಗೆ ಬ್ರಿಟಿಷರ ಪೌಂಡ್ ಚಿಹ್ನೆ! ಫಾಂಟ್ ಇಲ್ಲದ ಕಂಪ್ಯೂಟರಲ್ಲಿ ತೆಗೆದರೆ ಇಡೀ ಜುಂಜಪ್ಪ ಕೊಂಬು ಬಾಲ ಬೆಳೆದ ಇಂಗ್ಲಿಷ್ ಅಕ್ಷರಗಳ ಕಂತೆಯಾಗಿ ಕಾಣ್ತಾನೆ. ‘ಫೈಲ್ ಕರಪ್ಟ್ ಆಗೈತೆ, ಡಿಲೀಟ್ ಮಾಡಿ’ ಅಂತ ಹೇಳೋದು ಇಂಥ ಫೈಲಿಗೇ. ಎಷ್ಟು ಜನರ ಎಷ್ಟು ಬರಹ ಹೀಗೆ ಕಸದ ಬುಟ್ಟಿ ಸೇರಿದೆಯೋ ದೇವರಿಗೇ ಗೊತ್ತು.

ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಲ್ಲೇ ಜಾಗ ಸಿಕ್ಕಿದೆ. ಅಲ್ಲಿ ‘ಕ’ ಅಂದರೆ 3221ನೇ ಸಂಖ್ಯೆ, ಅದು ಹಿರಿಯೂರಲ್ಲೂ ‘ಕ’, ಅಮೆರಿಕದಲ್ಲೂ ‘ಕ’. ವಿಂಡೋಸ್‌ನಲ್ಲಿ 2001ರ ಎಕ್ಸ್‌ಪಿ ಕಾಲದಿಂದ ಅದು ಕೆಲಸ ಮಾಡ್ತಿದೆ. ಹಾಗಿದ್ದೂ ಡಿಟಿಪಿ ಅಂಗಡಿಗಳಲ್ಲಿ, ಪ್ರೆಸ್ಸುಗಳಲ್ಲಿ ಹಳೇ ಫಾಂಟೇ ಓಡ್ತಿದೆ. ಹೊಸದಾಗಿ ಟೈಪ್ ಕಲಿಯೋರಿಗೂ ಅದನ್ನೇ ಹೇಳಿಕೊಡ್ತಾರೆ. ಹಳೇದನ್ನ ಯೂನಿಕೋಡಿಗೆ ತಿರುಗಿಸೋ ಪರಿವರ್ತಕಗಳು ಪುಕ್ಕಟೆ ಸಿಗ್ತವೆ. ಅರ್ಕಾವತ್ತು ಒಮ್ಮೊಮ್ಮೆ ಹಿಂದೆ ಮುಂದೆ ಆಗುತ್ತೆ, ತಿದ್ದಿಕೊಂಡರಾಯ್ತು.

ಕೊನೆಗೆ ಅದೇ ಕೊಂಬು ಬಾಲದ ಅಕ್ಷರದಲ್ಲಿ ಹುಡುಕಿದೆ. ಮೂರರಲ್ಲಿ ಒಂದು ಭಾಗದಷ್ಟು ಸಿಕ್ತು. ದೊಡ್ಡ ಫೈಲೊಂದು ಪದದ ನಡುವೆಯೇ, ಸಾಲಿನ ನಡುವೆಯೇ ನಿಂತುಬಿಟ್ಟಿದೆ. ಪ್ರಿಂಟ್ ತೆಗೆದು ಕೊಟ್ಟಾಗ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಆ ಕೊನೇ ಪುಟವನ್ನ ಬಹಳ ಹೊತ್ತು ನೋಡಿದರು. ‘ಇದರ ಮುಂದಿನ್ದು ಅಜ್ಜಂಗೆ ಮಾತ್ರ ಬರ್ತಿತ್ತು’ ಅಂದರು. ನನಗೆ ಒಂದು ಮಾತೂ ಬೈಯಲಿಲ್ಲ.

ಹಿರಿಯೂರಿನಲ್ಲಿ ಒಬ್ಬ ಹುಡುಗನನ್ನ ನೋಡಿದ್ದೀನಿ. ಅಂಗಡಿ ಮುಂದೆ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದಾನೆ: ನೋಡಲು 150 ರೂ. ಮಾತ್ರ. ರಿಪೇರಿ ಮಾಡಿದರೂ ಮಾಡದಿದ್ದರೂ ಕೊಡಬೇಕು. ಏನು ಕೆಟ್ಟಿತ್ತು ಅಂತ ಚೀಟಿಯಲ್ಲಿ ಬರೆದುಕೊಡ್ತಾನೆ. ಫಾರ್ಮ್ಯಾಟ್ ಬೇಕೇ ಬೇಕು ಅಂದರೆ ಮೊದಲು ಡೆಸ್ಕ್‌ಟಾಪು, ಡಾಕ್ಯುಮೆಂಟ್ಸು ಎಲ್ಲ ಬೇರೆ ಡಿಸ್ಕಿಗೆ ಹಾಕಿ, ನಿಮ್ಮನ್ನ ಕೂರಿಸಿ ತೋರಿಸಿ, ಸಹಿ ಹಾಕಿಸಿಕೊಳ್ತಾನೆ. ಗಿರಾಕಿಗಳು ಬೈಕೊಂಡು ಪಕ್ಕದ ಅಂಗಡಿಗೆ ಹೋಗ್ತಾರಂತೆ, ಅಲ್ಲಿ ನೋಡೋದು ಫ್ರೀ. ಆ ಫ್ರೀಗೆ ನಾವು ಏನು ಕೊಡ್ತಿದ್ದೀವಿ ಅಂತ ಲೆಕ್ಕ ಹಾಕಿ. ನೂರೈವತ್ತು ಕೊಡಿ ಸ್ವಾಮಿ. ಕೊಟ್ಟು, ಏನಾಗಿತ್ತು ಅಂತ ಬರೆದು ಕೊಡು ಅಂತ ಕೇಳಿ. ಬರೆದು ಕೊಡದವನ ಅಂಗಡಿಯಿಂದ ಸಿಪಿಯು ಎತ್ತಿಕೊಂಡು ಬನ್ನಿ.

ಹೋದ ವಾರ ಮತ್ತೆ ಚಿಕ್ಕಪ್ಪನ ಫೋನು. ಮತ್ತೆ ನಾನು ಮೀಟಿಂಗಲ್ಲೇ ಇದ್ದೆ. ಎದ್ದು ಹೊರಗೆ ಬಂದೆ.

‘ಮತ್ತೆ ಕುಯ್ಯ್ ಅಂತೈತೆ ಕಣೋ.’

‘ಮೊದಲು ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತುಹಾಕಿ ಚಿಕ್ಕಪ್ಪ. ಸ್ಕ್ರೂಡ್ರೈವರ್ ಐತಾ?’

‘ಐತೆ.’

‘ಪೆನ್ಸಿಲ್ ಅಳಿಸೋ ರಬ್ಬರು?’

‘ತಡಿ, ಮೊಮ್ಮಗಳ ಕಂಪಾಸ್ ಬಾಕ್ಸಲ್ಲಿ ನೋಡ್ತೀನಿ.’