'ಹೊಸದು ತಗೊಳ್ಳಿ' ಎಂಬ ಸೋಮಾರಿ ಮದ್ದು

ಊರಿಂದ ಅಪ್ಪ ಫೋನ್ ಮಾಡಿದ್ದ. "ಯಕ್ಷಗಾನ ಹಾಕಿರೆ ಚಂಡೆ ಮೊದ್ಲು ಕೇಳ್ತು, ಹೆಜ್ಜೆ ಆಮೇಲೆ ಬತ್ತು ತಮಾ. ಕಂಪ್ಯೂಟರ್ ಹಾಳಾತು ಕಾಣ್ತು."

ಸಾಗರದ ಹತ್ತಿರ ನಮ್ಮನೆಯಲ್ಲಿರೋದು 2012ರಲ್ಲಿ ಕೊಂಡ ಕಂಪ್ಯೂಟರ್. ನಾನು ಬೆಂಗಳೂರಲ್ಲಿ ಕೂತು, ಒಂದು ಕ್ಷಣವೂ ಯೋಚಿಸದೆ "ಅದಕ್ಕೆ ವಯಸ್ಸಾತು ಅಪ್ಪ, ಹೊಸದು ತಗಳದೇ ಒಳ್ಳೇದು" ಅಂದುಬಿಟ್ಟೆ. ಪೇಟೆಯ ಅಂಗಡಿಯವನೂ ಅದನ್ನೇ ಹೇಳಿ 35 ಸಾವಿರದ ಕೊಟೇಶನ್ ಕೊಟ್ಟ. ಇಂಟರ್‌ನೆಟ್ಟಿನವರು "ದೊಡ್ಡ ಪ್ಲಾನ್ ಹಾಕಿಸ್ಕೊಳಿ" ಅಂದ್ರು. ಮೂವರು ವೈದ್ಯರು, ಮೂವರೂ ಔಷಧಿ ಬರೆದುಕೊಟ್ಟರು. ಆದರೆ ನಾಡಿ ಹಿಡಿದು ನೋಡಿದವರು ಒಬ್ಬರೂ ಇಲ್ಲ!

ನನಗೆ ಚುಚ್ಚಿದ್ದು ಆ ದುಡ್ಡಲ್ಲ. ಮುಂದಿನ ಸಲ ಫೋನ್ ಮಾಡಿದಾಗ ಅಪ್ಪ "ಆನೇ ಎಂತದೋ ತಪ್ಪು ಒತ್ತಿ ಹಾಳು ಮಾಡಿದ್ನೇನ" ಅಂದ. ಆಮೇಲೆ ಅದನ್ನ ಮುಟ್ಟೋದನ್ನೇ ಬಿಟ್ಟಿದ್ದ. ಅಷ್ಟು ಇಷ್ಟಪಟ್ಟು ಕಲಿತ ಮನುಷ್ಯ! ನಾವು ಸಲೀಸಾಗಿ ಹೇಳಿಬಿಡೋ "ಹೊಸದು ತಗೊಳ್ಳಿ"ಗೆ ಇಂಥದೊಂದು ಬೆಲೆಯೂ ಇರತ್ತೆ ಅಂತ ಆಗ ಗೊತ್ತಾಯ್ತು.

ಸರಿ, ಊರಿಗೆ ಹೋದಾಗ ಅರ್ಧ ಗಂಟೆ ಅದರ ಮುಂದೆ ಕೂತೆ. ಯೋಚಿಸಿದರೆ ಅಪ್ಪ ಹೇಳಿದ ಮಾತಲ್ಲೇ ಸುಳಿವು ಇತ್ತು. ನೆಟ್ ನಿಧಾನ ಆಗಿದ್ದರೆ ದನಿ-ಚಿತ್ರ ಎರಡೂ ಒಟ್ಟಿಗೆ ನಿಂತು, ಮಧ್ಯದಲ್ಲಿ ಚಕ್ರ ತಿರುಗತ್ತೆ. ದನಿ ಸರಾಗವಾಗಿ ಓಡ್ತಾ ಚಿತ್ರ ಮಾತ್ರ ತಡವರಿಸಿದರೆ ಅದು ಬಹುಪಾಲು ನೆಟ್ಟಿನ ತಪ್ಪಲ್ಲ. ಚಿತ್ರವನ್ನು ಬಿಡಿಸಿ ತೋರಿಸೋ ಕೆಲಸದಲ್ಲಿ ಕಂಪ್ಯೂಟರ್ ಏದುಸಿರು ಬಿಡ್ತಿದೆ ಅಂತ ಅರ್ಥ.

ಯೂಟ್ಯೂಬಿನಲ್ಲಿ ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿದರೆ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ಅಂತ ಕೊನೆಯಲ್ಲಿ ಕಾಣತ್ತೆ. ಹೆಸರಿಗೆ ಹೆದರಬೇಡಿ :) ಅಲ್ಲಿ ಮೂರು ಸಾಲು ನೋಡಿದರೆ ಸಾಕು. 'ಬಫರ್ ಹೆಲ್ತ್' ಹತ್ತಿಪ್ಪತ್ತು ಸೆಕೆಂಡು ಇದ್ದರೆ ನೆಟ್ ಆರೋಗ್ಯವಾಗಿದೆ. ಅದೇ ಹೊತ್ತಿಗೆ 'ಡ್ರಾಪ್ಡ್ ಫ್ರೇಮ್ಸ್' ಏರ್ತಾ ಹೋದರೆ ತೊಂದರೆ ಕಂಪ್ಯೂಟರಿನ ಒಳಗಿದೆ. 'ಕೋಡೆಕ್ಸ್' ಅನ್ನೋ ಸಾಲು, ವಿಡಿಯೋವನ್ನು ಯಾವ ಪದ್ಧತಿಯಲ್ಲಿ ಮಡಚಿ ಕಳಿಸಿದ್ದಾರೆ ಅಂತ ಹೇಳತ್ತೆ. ನಮ್ಮನೇಲಿ ಇದ್ದಿದ್ದು ವಿಪಿ9.

ರೋಗ ಅಲ್ಲೇ ಸಿಕ್ಕಿತು. ವಿಪಿ9 ಅಂತಿಮಗೊಂಡಿದ್ದೇ 2013ರಲ್ಲಿ. 2012ರ ಚಿಪ್ಪಿಗೆ ಮುಂದಿನ ವರ್ಷದ ಭಾಷೆ ಹೇಗೆ ಗೊತ್ತಿರಬೇಕು ಹೇಳಿ? ಗ್ರಾಫಿಕ್ಸ್ ಭಾಗಕ್ಕೆ ಅದು ತಿಳಿಯದ್ದರಿಂದ ಪೂರಾ ಭಾರ ಪ್ರೊಸೆಸರ್ ಮೇಲೆ ಬಿದ್ದು, ಫ್ಯಾನು ಹೊಯ್ಕೊಳ್ತಿತ್ತು. 2003ರಲ್ಲಿ ಬಂದ ಎಚ್.264 ಆದರೆ ಅದೇ ಚಿಪ್ಪಿಗೆ ನೀರು ಕುಡಿದಷ್ಟು ಸುಲಭ. ವಿಡಿಯೋವನ್ನು ಎಚ್.264ರಲ್ಲೇ ತರಿಸೋ 'ಎಚ್264ಫೈ' ಅನ್ನೋ ಪುಟ್ಟ ಎಕ್ಸ್‌ಟೆನ್ಷನ್ ಹಾಕಿದೆ. ಬ್ರೌಸರ್ ಸೆಟ್ಟಿಂಗಿನಲ್ಲಿ ಆಫ್ ಆಗಿದ್ದ ಹಾರ್ಡ್‌ವೇರ್ ಆಕ್ಸಿಲರೇಷನ್ ಆನ್ ಮಾಡಿದೆ. ಅಷ್ಟೇ! ಚಂಡೆಗೂ ಹೆಜ್ಜೆಗೂ ರಾಜಿ ಆಯ್ತು. ಖರ್ಚು: ಸೊನ್ನೆ ರೂಪಾಯಿ, ಎರಡು ಲೋಟ ಚಾ.

ಎಕ್ಸ್‌ಟೆನ್ಷನ್ ಬೇಡ ಅನ್ನುವವರು ಕ್ವಾಲಿಟಿಯನ್ನು 1080ರಿಂದ 480ಕ್ಕೆ ಇಳಿಸಿ ನೋಡಬಹುದು. ಆದರೆ "ವಿಡಿಯೋ ನೋಡಲು ಫ್ಲಾಶ್ ಪ್ಲೇಯರ್ ಹಾಕಿಕೊಳ್ಳಿ" ಅಂತ ಯಾವುದಾದರೂ ಪುಟ ಕೇಳಿದರೆ ಒತ್ತಲೇಬೇಡಿ. ಫ್ಲಾಶ್‌ಗೆ ಅಡೋಬಿ ಕೊಡುತ್ತಿದ್ದ ಬೆಂಬಲ 2020ರ ಡಿಸೆಂಬರ್ 31ಕ್ಕೇ ಮುಗಿದಿದೆ. ಈಗ ಅದರ ಹೆಸರಲ್ಲಿ ಬಾಗಿಲು ತಟ್ಟುವವರು ಕಳ್ಳರು ಅಂತಲೇ ತಿಳಿಯಿರಿ.

ಹಳೆಯದೆಲ್ಲ ಚಿನ್ನ ಅಂತ ನಾನು ವಾದಿಸ್ತಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿದೆ, ಆ ಚಿಂತೆ ನಿಜವಾದದ್ದೇ. ಅದಕ್ಕೂ ಲಿನಕ್ಸ್ ಹಾಕುವ ದಾರಿ ಇದೆ. ಯಂತ್ರ ನಿಜಕ್ಕೂ ಸತ್ತಿದ್ದರೆ ಹೊಸದು ಕೊಳ್ಳಲಿ, ಬೇಡ ಅಂದವರು ಯಾರು? ನನ್ನ ತಕರಾರು ಇಷ್ಟೇ: ಸತ್ತಿದೆಯೋ ಇಲ್ಲವೋ ಅಂತ ನೋಡದೆ ಚಟ್ಟ ಕಟ್ಟಬೇಡಿ.

ಮಾರುವವನು ಮಾರ್ತಾನೆ, ಅದು ಅವನ ಹೊಟ್ಟೆಪಾಡು. ನಮಗೇನಾಗಿದೆ? ನೆನಪಿದೆಯಾ, ಎಕ್ಸ್‌ಪಿ ಕಾಲದಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣ್ತಿದ್ದವು. ಯಾರಾದರೂ ಕೇಳಿದರೆ "ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ, ಇಂಥ ಕಡೆ ಟಿಕ್ ಮಾಡಿ, ಸಿಡಿ ಹಾಕಿ" ಅಂತ ಸಾಲುಸಾಲಾಗಿ ಬರೆದು ಹೇಳ್ತಿದ್ವಿ. ಆಗ ಒಬ್ಬರಾದರೂ "ಹೊಸ ಕಂಪ್ಯೂಟರ್ ತಗೊಳ್ಳಿ" ಅಂದಿದ್ದರೆ ಇವತ್ತು ಇದನ್ನ ಓದೋರು ಎಷ್ಟು ಜನ ಇರ್ತಿದ್ರು? ಆ ತಾಳ್ಮೆಯನ್ನ ಎಲ್ಲಿ ಕಳ್ಕೊಂಡ್ವಿ?

ಅದಕ್ಕೇ ಬ್ಲಾಗಿಗ ಮಿತ್ರರೇ, ನಿಮ್ಮ ಅಪ್ಪ-ಅಮ್ಮನ ಕಂಪ್ಯೂಟರ್ ಕೈಕೊಟ್ಟಾಗ ನೀವು ಮಾಡಿದ ರಿಪೇರಿಗಳನ್ನ ಕನ್ನಡದಲ್ಲಿ ಬರೆದಿಡಿ. ಎಷ್ಟೇ ಸಣ್ಣದಾದರೂ ಪರವಾಗಿಲ್ಲ. ಮೊದಲನೇ ಕಂತು ನಂದು, ಇಗೋ ಕುಟ್ಟಿದ್ದೀನಿ.

ಅಂದಹಾಗೆ ನಿನ್ನೆ ಅಪ್ಪನೇ ಫೋನ್ ಮಾಡಿದ್ದ. ಪಕ್ಕದ ಮನೆಯವರ ಕಂಪ್ಯೂಟರಿನ 'ಡ್ರಾಪ್ಡ್ ಫ್ರೇಮ್ಸ್' ನೋಡಿ ಬಂದ್ನಡ :)